ಪರದ್ವೀಪವಾಸದ ಅಧಿಕಾರ

ಬಾಲಿದ್ವೀಪದಲ್ಲಿ ಬಂದಿಳಿಯುವ ಪರದೇಶಿಯನ್ನು ಇಂಡೊನೇಷ್ಯಾ ರಾಜ್ಯವು ವಿಮಾನನಿಲ್ದಾಣದ ಬಾಗಿಲಲ್ಲಿಯೇ ಒಂದು ಪ್ರಶ್ನೆ ಕೇಳುತ್ತದೆ: ನೀನು ಇಲ್ಲಿ ಎಷ್ಟು ಕಾಲ ಇರತಕ್ಕವನು, ಯಾವ ಕಾರಣದಿಂದ ಇರತಕ್ಕವನು? ಕೇಳುವ ಅಧಿಕಾರಿಗೆ ಅದು ನಿತ್ಯದ ಕೆಲಸ. ಉತ್ತರ ಹೇಳುವವನಿಗೆ ಮುದ್ರೆ ಹಾಕಿಸಿಕೊಂಡು ಹೊರಗೆ ಹೋಗುವ ಆತುರ. ಆದರೆ ಆ ಪ್ರಶ್ನೆಯನ್ನು ಅದರ ಪೂರ್ಣ ಭಾರದೊಡನೆ ಎತ್ತಿ ನೋಡಿದವನಿಗೆ, ಮನುಷ್ಯನು ಈ ಭೂಮಿಯ ಯಾವುದೋ ಒಂದು ಭಾಗದಲ್ಲಿ ನೆಲಸುವ ಅಧಿಕಾರವನ್ನು ಯಾವುದರಿಂದ ಪಡೆಯುತ್ತಾನೆ, ಇಚ್ಛೆಯಿಂದಲೆ, ದ್ರವ್ಯದಿಂದಲೆ, ಸಂಬಂಧದಿಂದಲೆ, ಸೇವೆಯಿಂದಲೆ, ಬರಿಯ ಜನ್ಮದಿಂದಲೆ ಎಂಬ, ಧರ್ಮಶಾಸ್ತ್ರಕಾರರೂ ತತ್ತ್ವಜ್ಞರೂ ಬಹುಕಾಲದಿಂದ ವಿಚಾರಿಸುತ್ತ ಬಂದಿರುವ ಗಹನವಾದ ವಿಷಯವೇ ಅದರೊಳಗೆ ಅಡಗಿರುವುದು ಗೋಚರವಾಗುತ್ತದೆ.

ಆ ರಾಜ್ಯ ಕೊಡುವ ಅನುಮತಿಗಳಲ್ಲಿ ಒಂದು ಶ್ರೇಣಿಯುಂಟು. 5,00,000 ರುಪಿಯಾ ತೆತ್ತು ಬಂದಿಳಿದಾಗಲೇ ಪಡೆಯುವ ವೀಸಾ 30 ದಿನಗಳದು. ಅದನ್ನು ಇನ್ನು 30 ದಿನಗಳಿಗೆ ಒಂದೇ ಒಂದು ಬಾರಿ ಮುಂದುವರಿಸಬಹುದು. ನಮ್ಮ ನಾಡಿನಿಂದ ಹೋಗುವ ನವದಂಪತಿಗಳೂ ವಿಹಾರಾರ್ಥಿಗಳೂ ಸಾಮಾನ್ಯವಾಗಿ ಹಿಡಿಯುವ ದಾರಿ ಇದೇ. ಹೊರಡುವ ಮೊದಲೇ ಪಡೆದು ಬರುವ ಸಂದರ್ಶನ ವೀಸಾ 60 ದಿನಗಳಿಂದ ಆರಂಭವಾಗಿ 180 ದಿನಗಳವರೆಗೆ ಬೆಳೆಯಬಲ್ಲುದು. ಅದರಾಚೆಗೆ ಕಿತಾಸ್ ಎಂದು ಎಲ್ಲರೂ ಕರೆಯುವ ಸೀಮಿತವಾಸದ ಪತ್ರ. ಉದ್ಯೋಗಕ್ಕೆ ಬಂದವನಿಗೆ, ಬಂಡವಾಳ ಹೂಡಿದವನಿಗೆ, ಆ ದೇಶದವರನ್ನು ಮದುವೆಯಾದವನಿಗೆ, ನಿವೃತ್ತನಾದ ವಯೋವೃದ್ಧನಿಗೆ ಅದು ಬೇರೆಬೇರೆ ನಿಯಮಗಳೊಡನೆ ದೊರೆಯುತ್ತದೆ. ಕೆಲವರು ಕಾಲಕ್ರಮದಲ್ಲಿ ಕಿತಾಪ್ ಎಂಬ ಸ್ಥಿರವಾಸದ ಪತ್ರಕ್ಕೂ ಅರ್ಹರಾಗಬಹುದು. ಈಚೆಗೆ ಇನ್ನು ಮೂರು ಬಾಗಿಲುಗಳು ತೆರೆದಿವೆ. ತನ್ನ ದೇಶದ ಕೆಲಸವನ್ನು ದೂರದಿಂದಲೇ ಕಂಪ್ಯೂಟರಿನಲ್ಲಿ ಮಾಡಿಕೊಂಡಿರುವವನು ವರ್ಷಕ್ಕೆ 60,000 ಡಾಲರ್ ವರಮಾನ ತೋರಿಸಿದರೆ ಒಂದು ವರ್ಷ ಇರಬಹುದು. 2022ರ ಕೊನೆಯಲ್ಲಿ ಆರಂಭವಾದ ‘ಎರಡನೆಯ ಮನೆ’ಯ ವೀಸಾಕ್ಕೆ 200 ಕೋಟಿ ರುಪಿಯಾ ತನ್ನಲ್ಲಿ ಉಂಟೆಂದು ತೋರಿಸಬೇಕೆಂದು ವಿಧಿಸಲಾಯಿತು. 2024ರಲ್ಲಿ ಉದ್ಘಾಟಿತವಾದ ಗೋಲ್ಡನ್ ವೀಸಾ, ಕಂಪನಿಯನ್ನು ಸ್ಥಾಪಿಸದೆ ಸರಕಾರದ ಸಾಲಪತ್ರ ಮೊದಲಾದವುಗಳಲ್ಲಿ 3,50,000 ಡಾಲರ್ ತೊಡಗಿಸಿದವನಿಗೆ 5 ವರ್ಷವನ್ನೂ, 7,00,000 ಡಾಲರ್ ತೊಡಗಿಸಿದವನಿಗೆ 10 ವರ್ಷವನ್ನೂ ಕೊಡುತ್ತದೆ. ಅವಧಿ ಮೀರಿ ನಿಂತವನು ದಿನವೊಂದಕ್ಕೆ 10,00,000 ರುಪಿಯಾ ದಂಡ ತೆರಬೇಕು. 60 ದಿನ ಮೀರಿದರೆ ಗಡೀಪಾರು.

ಈ ಪಟ್ಟಿಯನ್ನು ವ್ಯವಹಾರದ ಮಾಹಿತಿಯೆಂದು ಓದಿ ಬಿಡಬಹುದು. ನನಗಾದರೋ ಇದರಲ್ಲಿ ಪ್ರತಿಯೊಂದು ಅನುಮತಿಯೂ ಮೇಲಿನ ಪ್ರಶ್ನೆಗೆ ಒಂದೊಂದು ಉತ್ತರವಾಗಿ ಕಾಣುತ್ತದೆ. ನಾನು ಬೇಗ ಹೊರಟುಹೋಗುವವನು, ಆದ್ದರಿಂದ ಬರಗೊಡಿ ಎನ್ನುತ್ತದೆ ಒಂದು. ನಾನು ನಿಮ್ಮವಳ ಪತಿ ಎನ್ನುತ್ತದೆ ಇನ್ನೊಂದು. ನನ್ನ ಅನ್ನವನ್ನು ನಾನೇ ತಂದಿದ್ದೇನೆ, ನಿಮ್ಮವರ ಕೆಲಸವನ್ನು ಕಸಿಯುವುದಿಲ್ಲ ಎನ್ನುತ್ತದೆ ಮತ್ತೊಂದು. ಸೀಮಿತವಾಸದ ಬಹುತೇಕ ಅನುಮತಿಗಳಿಗೆ ಆ ದೇಶದಲ್ಲಿ ಒಬ್ಬ ಜಾಮೀನುದಾರನು, ಅಥವಾ ಒಂದು ಸಂಸ್ಥೆ, ಇರಬೇಕೆಂಬ ನಿಯಮವಂತೂ ವಿಶೇಷವಾಗಿ ಗಮನಾರ್ಹ. ಅಪರಿಚಿತನ ನಡತೆಗೆ ಪರಿಚಿತನೊಬ್ಬನು ಹೊಣೆಯಾಗಬೇಕು ಎಂಬ ಭಾವನೆ ಆಧುನಿಕ ರಾಜ್ಯಗಳಿಗಿಂತ ಬಹಳ ಹಳೆಯದು. ಮನುಷ್ಯನು ಎಲ್ಲಿಯೂ ಕೇವಲ ಒಂಟಿಯಾಗಿ ನೆಲಸಲಾರನು, ಯಾರದೋ ಮಾತಿನ ಆಧಾರದ ಮೇಲೆಯೇ ನೆಲಸುತ್ತಾನೆ ಎಂಬ ಸತ್ಯ ಅದರ ಬೇರಿನಲ್ಲಿದೆ. ಆ ಜಾಮೀನು ಇಂದು ಏಜೆಂಟರಿಗೆ ಹಣ ಕೊಟ್ಟು ಕೊಳ್ಳುವ ವಸ್ತುವಾಗಿರುವುದರಿಂದ ಸತ್ಯವೇನೂ ಸುಳ್ಳಾಗದು. ಅದು ಮರೆಯಾಗುತ್ತದೆ, ಅಷ್ಟೆ.

ನೆಲಸಬೇಕೆಂಬ ಬಯಕೆಯೇ ದೋಷವೆಂದು ನಾನು ಹೇಳುವುದಿಲ್ಲ. ಹಸಿರು ಮೆಟ್ಟಿಲುಗಳಂತೆ ಇಳಿದುಬರುವ ಗದ್ದೆಗಳನ್ನೂ, ಮನೆಯ ಹೊಸ್ತಿಲಿನಲ್ಲಿ ಪ್ರತಿ ಬೆಳಗ್ಗೆಯೂ ಹೂವು ಅಕ್ಕಿಗಳ ಸಣ್ಣ ನೈವೇದ್ಯವಿಡುವ ಹೆಂಗಸರನ್ನೂ, ಕಲೆಯನ್ನು ಪೂಜೆಯಿಂದ ಬೇರೆಮಾಡದ ಒಂದು ಜನಜೀವನವನ್ನೂ ಕಂಡವನು, ತನ್ನ ಊರಿನ ಧೂಳಿಗೂ ಗದ್ದಲಕ್ಕೂ ಮರಳುವುದಕ್ಕೆ ಮನಸ್ಸು ಬಾರದೆ, ಇಲ್ಲಿಯೇ ಇದ್ದುಬಿಡೋಣ ಎಂದುಕೊಂಡರೆ ಅದು ಮಾನವಸಹಜ. ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಈ ಬಯಕೆಗೆ ಒಂದು ನ್ಯಾಯವಾದ ಸ್ಥಾನವನ್ನು ಕೊಟ್ಟಿದ್ದಾನೆ. ಭೂಮಿಯು ಗೋಲಾಕಾರವಾದದ್ದರಿಂದ ಮನುಷ್ಯರು ಅನಂತವಾಗಿ ಚದುರಿಹೋಗಲಾರರು, ಕೊನೆಗೆ ಒಬ್ಬರ ಪಕ್ಕದಲ್ಲೊಬ್ಬರು ಸಹಿಸಿಕೊಂಡಿರಲೇಬೇಕು. ಮೂಲತಃ ಭೂಮಿಯ ಒಂದು ಸ್ಥಳದ ಮೇಲೆ ಒಬ್ಬನಿಗಿಂತ ಮತ್ತೊಬ್ಬನಿಗೆ ಹೆಚ್ಚಿನ ಹಕ್ಕು ಇಲ್ಲ. ಆದ್ದರಿಂದ ಪರದೇಶಕ್ಕೆ ಬಂದವನನ್ನು, ಅವನು ಶಾಂತನಾಗಿರುವ ತನಕ, ಶತ್ರುವೆಂದು ಕಾಣತಕ್ಕದ್ದಲ್ಲ ಎಂಬುದು ಅವನ ವಾದ. ಆದರೆ ಅಲ್ಲಿಗೇ ಅವನು ಒಂದು ರೇಖೆಯನ್ನೂ ಎಳೆದನು. ಬಂದು ಕಾಣುವ ಹಕ್ಕು ಎಲ್ಲರಿಗೂ ಉಂಟು, ಇದ್ದು ಬಾಳುವ ಹಕ್ಕು ಹಾಗೆ ಸಹಜವಾಗಿ ಬಾರದು. ಅದಕ್ಕೆ ಆತಿಥೇಯರು ಔದಾರ್ಯದಿಂದ ಮಾಡಿಕೊಡುವ ಬೇರೊಂದು ಒಡಂಬಡಿಕೆ ಬೇಕು.

ಈ ರೇಖೆಯನ್ನು ಎಳೆದ ಕಾರಣವನ್ನು ಅವನು ಮುಚ್ಚಿಡಲಿಲ್ಲ. ಯೂರೋಪಿನ ವರ್ತಕರಾಷ್ಟ್ರಗಳು ಪರದೇಶಗಳನ್ನು ‘ಸಂದರ್ಶಿಸುವುದು’ ಎಂದರೆ ಗೆದ್ದುಕೊಳ್ಳುವುದೇ ಎಂದು ತಿಳಿದಿದ್ದುವು. ಹಿಂದೂಸ್ಥಾನವನ್ನೂ ಸಾಂಬಾರದ್ವೀಪಗಳನ್ನೂ ಅವನು ಆ ಸಂದರ್ಭದಲ್ಲಿ ಹೆಸರಿಸುತ್ತಾನೆ. ಅವನ ಕಾಲದ ಅನಂತರ ನೂರು ವರ್ಷಕ್ಕೆ ಮೇಲಾದ ಮೇಲೆ, ಸಾನೂರಿನ ತೀರದಲ್ಲಿ ಒಡೆದ ಒಂದು ಹಡಗಿನ ವಿವಾದವನ್ನು ನೆಪಮಾಡಿಕೊಂಡು ಡಚ್ಚರು 1906ರಲ್ಲಿ ಬಾಲಿಯ ಬಾದುಂಗ್ ರಾಜ್ಯದ ಮೇಲೆ ಬಂದಾಗ, ಅರಸನೂ ಅವನ ಪರಿವಾರವೂ ಬಿಳಿಯ ವಸ್ತ್ರವನ್ನುಟ್ಟು ಬಂದೂಕುಗಳ ಎದುರಿಗೆ ನಡೆದು ಪ್ರಾಣವನ್ನೊಪ್ಪಿಸಿದರು. 1908ರಲ್ಲಿ ಕ್ಲುಂಗ್‌ಕುಂಗ್ ರಾಜ್ಯದಲ್ಲಿಯೂ ಪುಪುತಾನ್ ಎಂದು ಕರೆಯುವ ಅದೇ ಬಗೆಯ ಪ್ರಾಣಾರ್ಪಣೆ ನಡೆಯಿತು. ಇಂದು ಪರದೇಶಿಗಳೆಲ್ಲ ಇಳಿಯುವ ವಿಮಾನನಿಲ್ದಾಣಕ್ಕೆ, 1946ರಲ್ಲಿ ಡಚ್ಚರೊಡನೆ ಹೋರಾಡುತ್ತ ಮಾರ್ಗ ಎಂಬ ಗ್ರಾಮದಲ್ಲಿ ತನ್ನವರೊಡನೆ ಮಡಿದ ಇ ಗುಸ್ತಿ ಙುರಾ ರಾಯ್ ಎಂಬ ವೀರನ ಹೆಸರಿದೆ. ಕೇಳದೆ ಬಂದು ನಿಂತವರ ಅನುಭವ ಇಷ್ಟು ಸಮೀಪದಲ್ಲಿರುವಾಗ, ನೀನು ಎಷ್ಟು ದಿನ ಇರತಕ್ಕವನು ಎಂದು ಆ ಜನ ಕೇಳುವುದನ್ನು ಸಂಕುಚಿತಬುದ್ಧಿ ಎನ್ನಲು ನಾನು ಒಪ್ಪಲಾರೆ.

ನಮ್ಮ ಶಾಸ್ತ್ರಪರಂಪರೆಯೂ ಅತಿಥಿಯನ್ನು ದೇವರೆಂದು ಕಾಣಬೇಕೆಂದು ತೈತ್ತಿರೀಯದಲ್ಲಿ ಬೋಧಿಸಿ ಸುಮ್ಮನಾಗಲಿಲ್ಲ. ಕಠೋಪನಿಷತ್ತಿನಲ್ಲಿ ನಚಿಕೇತನು ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದುದಕ್ಕಾಗಿ ಮೃತ್ಯುದೇವತೆಯೇ ಕ್ಷಮೆ ಬೇಡಿ ಮೂರು ವರಗಳನ್ನು ಕೊಡುತ್ತಾನೆ. ಅತಿಥಿಯನ್ನು ಹಸಿದಿರಗೊಡುವ ಮನೆಯ ಪುಣ್ಯವೆಲ್ಲ ಕರಗುತ್ತದೆಂಬ ಭಯ ಅಲ್ಲಿ ಯಮನನ್ನೂ ಬಿಟ್ಟಿಲ್ಲ. ಇದು ಆತಿಥೇಯನ ಧರ್ಮ. ಅತಿಥಿಯ ಧರ್ಮವನ್ನೂ ಅಷ್ಟೇ ಎಚ್ಚರದಿಂದ ವಿಧಿಸಿದ್ದಾರೆ: ಮನುಸ್ಮೃತಿ ಒಂದು ರಾತ್ರಿ ತಂಗುವವನನ್ನು ಅತಿಥಿಯೆಂದು ಕರೆಯುತ್ತದೆ. ಯತಿಯಾದವನು ಊರೂರು ಸಂಚರಿಸುತ್ತಿರಬೇಕು, ಒಂದು ಹಳ್ಳಿಯಲ್ಲಿ ಬಹುಕಾಲ ನಿಲ್ಲಬಾರದು. ಮಳೆಗಾಲದಲ್ಲಿ ಮಾತ್ರ ಚಾತುರ್ಮಾಸ್ಯವೆಂದು ಒಂದೆಡೆ ನಿಲ್ಲಬಹುದು. ಮನೆಯಿಲ್ಲದವನಿಗೂ ನಿಲ್ಲುವ ಕಾಲಕ್ಕೆ ಮಿತಿಯೇಕೆ ಎಂದರೆ, ಬಹುಕಾಲ ನಿಂತಲ್ಲಿ ಮಮತೆ ಹುಟ್ಟುತ್ತದೆ, ಮಮತೆ ಹುಟ್ಟಿದಲ್ಲಿ ಸ್ವತ್ತಿನ ಭಾವನೆ ಹುಟ್ಟುತ್ತದೆ, ಆಗ ಭಿಕ್ಷೆ ನೀಡಿದ ಊರೇ ಯತಿಯ ಭೋಗ್ಯವಾಗಿಬಿಡುತ್ತದೆ. ಮಿತಿಯು ಊರನ್ನು ಕಾಯುವಂತೆಯೇ ಬಂದವನನ್ನೂ ಕಾಯುತ್ತದೆ. ಇನ್ನು ಒಂದು ಕ್ಷೇತ್ರದಲ್ಲಿ ಕೊನೆಯವರೆಗೂ ಇರಬೇಕೆಂಬ ಶ್ರದ್ಧೆಯುಳ್ಳವರಿಗೆ ಕಾಶೀವಾಸದಂಥ ಮಾರ್ಗವಿತ್ತು. ಆದರೆ ಅದು ವ್ರತ. ಕಾಶಿಯಲ್ಲಿ ಮಡಿಯುವುದಕ್ಕೆಂದು ಹೋದ ಮುದುಕನು ತನ್ನ ಮನೆ, ಹೊಲ, ಅಧಿಕಾರಗಳನ್ನೆಲ್ಲ ಮಕ್ಕಳಿಗೆ ಒಪ್ಪಿಸಿ ಹೋಗುತ್ತಿದ್ದನು. ಒಂದು ಸ್ಥಳವನ್ನು ಪಡೆಯುವುದಕ್ಕಾಗಿ ಮತ್ತೊಂದನ್ನು ಬಿಡುತ್ತಿದ್ದನು.

ಬಾಲಿಯ ಜನ ತಾವೇ ಆ ದ್ವೀಪಕ್ಕೆ ಹೊರಗಿನಿಂದ ಬಂದ ಬಗೆಯನ್ನು ಹೇಳುವ ಐತಿಹ್ಯವೊಂದು ನನಗೆ ಈ ವಿಚಾರದಲ್ಲಿ ಬಹು ಅಮೂಲ್ಯವೆಂದು ತೋರುತ್ತದೆ. ಪೂರ್ವಜಾವಾದ ರಾವುಂಗ್ ಪರ್ವತದಿಂದ ಮಾರ್ಕಂಡೇಯನೆಂಬ ಋಷಿ ಶಿಷ್ಯಸಮೂಹದೊಡನೆ ಬಾಲಿಗೆ ಬಂದು ಅರಣ್ಯವನ್ನು ಕಡಿದು ನೆಲಸಲು ಯತ್ನಿಸಿದನಂತೆ. ರೋಗಗಳೂ ಕಾಡುಮೃಗಗಳೂ ಅನೇಕರನ್ನು ಬಲಿತೆಗೆದುಕೊಂಡುವು. ಹಿಂದಿರುಗಿ ತಪಸ್ಸು ಮಾಡಿ ಮತ್ತೆ ಬಂದಾಗ, ಕೊಡಲಿಯನ್ನೆತ್ತುವುದಕ್ಕೆ ಮೊದಲು, ಇಂದು ಬೆಸಾಕಿ ಮಹಾದೇವಾಲಯವಿರುವ ಅಗುಂಗ್ ಪರ್ವತದ ತಪ್ಪಲಿನಲ್ಲಿ ಪಂಚಧಾತುಗಳನ್ನು ಭೂಮಿಗೆ ಅರ್ಪಿಸಿ ಹೂಳಿದನು. ಅನಂತರವೇ ನೆಲ ಅವನನ್ನು ಒಳಕೊಂಡಿತು, ಗದ್ದೆಗಳೂ ಗ್ರಾಮಗಳೂ ಆದುವು. ಚರಿತ್ರೆಯ ದೃಷ್ಟಿಯಿಂದ ಇದರಲ್ಲಿ ನಿಜವೆಷ್ಟು ಎಂಬುದು ಇಲ್ಲಿ ಮುಖ್ಯವಲ್ಲ. ನೆಲವನ್ನು ಕೇಳದೆ ನೆಲಸಿದ ಮೊದಲನೆಯ ಪ್ರಯತ್ನ ವ್ಯರ್ಥವಾಯಿತು, ಕೇಳಿ ಅರ್ಪಿಸಿ ನೆಲಸಿದ ಎರಡನೆಯದು ಫಲಿಸಿತು ಎಂದು ಒಂದು ಜನಾಂಗ ತನ್ನ ಆರಂಭವನ್ನು ನೆನೆಯುತ್ತಿದೆ. ಮೊದಲು ಬಂದವರಾದ ತಮಗೂ ಅನುಮತಿ ಬೇಕಾಗಿತ್ತು ಎಂದು ಒಪ್ಪಿಕೊಳ್ಳುತ್ತಿದೆ. ಇಂಥ ನೆನಪುಳ್ಳ ಜನ ಬಂದವನೂ ಅನುಮತಿಯನ್ನು ಕೇಳಬೇಕೆಂದು ನಿರೀಕ್ಷಿಸಿದರೆ, ತಾವು ಪಾಲಿಸಿದುದನ್ನೇ ನಿರೀಕ್ಷಿಸುತ್ತಿದ್ದಾರೆ.

ಆ ಅರ್ಪಣೆ ಒಮ್ಮೆ ನಡೆದು ಮುಗಿದ ಕ್ರಿಯೆಯೂ ಅಲ್ಲ. ಬಾಲಿಯ ಸಾಂಪ್ರದಾಯಿಕ ಗ್ರಾಮವಾದ ದೇಸ ಅದತ್ ಎಂಬುದು ಸದಸ್ಯತ್ವದ ಸಂಸ್ಥೆ. ಗ್ರಾಮದ ಮೂಲ, ಮಧ್ಯ, ಅಂತ್ಯಗಳನ್ನು ಕಾಯುವ ಮೂರು ದೇವಾಲಯಗಳ ಸೇವೆಗೆ, ಉತ್ಸವದ ಸಿದ್ಧತೆಗೆ, ನೆರೆಮನೆಯ ಶವಸಂಸ್ಕಾರಕ್ಕೆ ಪ್ರತಿಯೊಂದು ಕುಟುಂಬವೂ ತನ್ನ ದುಡಿಮೆಯ ಪಾಲನ್ನು ಸಲ್ಲಿಸಬೇಕು. ಸಲ್ಲಿಸದವನು ಅಲ್ಲಿಯೇ ಹುಟ್ಟಿದವನಾದರೂ ಗ್ರಾಮದ ಶಿಕ್ಷೆಗೆ ಗುರಿಯಾಗುತ್ತಾನೆ. ಬಾಲಿಪ್ರಾಂತದ 2019ರ 4ನೆಯ ಸಂಖ್ಯೆಯ ಶಾಸನ ಗ್ರಾಮದಲ್ಲಿರುವವರನ್ನು ಮೂರು ಬಗೆಯಾಗಿ ವಿಭಾಗಿಸುತ್ತದೆ: ಗ್ರಾಮದ ಸಂಪೂರ್ಣ ಹೊಣೆಯನ್ನು ಹೊತ್ತ ಬಾಲಿಯ ಹಿಂದೂಗಳು ಕ್ರಮ ದೇಸ, ಬಾಲಿಯ ಹಿಂದೂಗಳೇ ಆಗಿದ್ದು ಬೇರೆ ಊರಿಗೆ ಸೇರಿದವರಾಗಿ ಇಲ್ಲಿ ವಾಸವಾಗಿರುವವರು ಕ್ರಮ ತಮಿಯು, ಉಳಿದವರೆಲ್ಲರೂ ತಮಿಯು, ಎಂದರೆ ಅತಿಥಿಗಳು. ಕೋಟಿ ಡಾಲರಿನ ಒಡೆಯನಾಗಿ 10 ವರ್ಷದ ಗೋಲ್ಡನ್ ವೀಸಾ ಹಿಡಿದು ಬಂದವನೂ ಈ ಲೆಕ್ಕದಲ್ಲಿ ತಮಿಯುವೇ. ರಾಜ್ಯದ ಶ್ರೇಣಿ ಕಾಲವನ್ನೂ ಧನವನ್ನೂ ಅಳೆಯುತ್ತದೆ. ಗ್ರಾಮದ ಶ್ರೇಣಿ ಋಣವನ್ನು ಅಳೆಯುತ್ತದೆ. ನಮ್ಮ ಪ್ರಾಚೀನರು ದೇವಋಣ, ಋಷಿಋಣ, ಪಿತೃಋಣಗಳೆಂದು ಹೇಳಿದ್ದು ಹುಟ್ಟಿದ ಮಾತ್ರಕ್ಕೆ ಮನುಷ್ಯನು ಸಾಲಗಾರನಾಗುತ್ತಾನೆ ಎಂಬ ಅರಿವಿನಿಂದ. ಸ್ಥಳಕ್ಕೂ ಅಂಥದೊಂದು ಋಣವುಂಟೆಂಬುದನ್ನು, ಅದನ್ನು ತೀರಿಸುತ್ತಿರುವುದೇ ವಾಸವೆಂಬುದನ್ನು ಬಾಲಿಯವರು ನಮಗಿಂತ ಸ್ಪಷ್ಟವಾಗಿ ಆಚರಣೆಗೆ ತಂದಿದ್ದಾರೆ. ಈ ಬರಹದಲ್ಲಿ ನಾನು ಹೇಳಬೇಕಾದುದರ ಸಾರ ಇಷ್ಟೆ.

ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ಸುಬಕ್ ಎಂಬ ರೈತಸಂಘಗಳು ಬಹು ಶತಮಾನಗಳಿಂದ ಗದ್ದೆಯಿಂದ ಗದ್ದೆಗೆ ನೀರು ಹರಿಯುವ ಸರದಿಯನ್ನು ಜಲದೇವಾಲಯಗಳ ಪೂಜಾಕ್ರಮದೊಡನೆ ಹೆಣೆದು ನಡೆಸಿಕೊಂಡು ಬಂದಿವೆ. 2012ರಲ್ಲಿ ಯುನೆಸ್ಕೊ ಈ ವ್ಯವಸ್ಥೆಯ ಭೂದೃಶ್ಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮೇಲಿನ ಗದ್ದೆಯವನು ತಾನು ಮೊದಲಿಗನೆಂದು ನೀರನ್ನೆಲ್ಲ ಹಿಡಿದುಕೊಳ್ಳದೆ ಕೆಳಗಿನವನ ಬೆಳೆಯನ್ನೂ ನೆನೆಯುವಂತೆ ಮಾಡುವ ಶಕ್ತಿ ಆ ಪೂಜೆಯಲ್ಲಿದೆ. ಅಂಥ ಗದ್ದೆಯ ನಡುವೆ, ನೋಟ ಚೆನ್ನಾಗಿದೆಯೆಂದು, ಒಂದು ವಿಲ್ಲಾ ಎದ್ದಿತೆನ್ನೋಣ. ಈಜುಕೊಳಕ್ಕೆ ನೀರು ಬೇಕು. ಗದ್ದೆಯ ಸರದಿಯಲ್ಲಿ ಅದರ ಹೆಸರಿಲ್ಲ, ಪೂಜೆಯ ಪಾಲಿನಲ್ಲಿ ಅದರ ಕಾಣಿಕೆಯಿಲ್ಲ, ಕಾಲುವೆಯ ಹೂಳೆತ್ತುವ ದಿನ ಅದರಿಂದ ಯಾರೂ ಬರುವುದಿಲ್ಲ. ಅಲ್ಲಿ ಇಳಿದುಕೊಂಡವನು ಸಜ್ಜನನೇ ಇರಬಹುದು, ವೀಸಾ ನಿಯಮಗಳಲ್ಲಿ ಒಂದನ್ನೂ ಮೀರದವನಿರಬಹುದು. ಆದರೂ ಯಾವ ದೃಶ್ಯವನ್ನು ಪ್ರೀತಿಸಿ ಅವನು ಬಂದನೋ ಅದನ್ನು ಉಂಟುಮಾಡಿದ ಧರ್ಮದಲ್ಲಿ ಅವನಿಗೆ ಪಾಲಿಲ್ಲ. ಹೀಗೆ ಫಲವನ್ನು ಮಾತ್ರ ಸವಿಯುವುದನ್ನು ಭೋಗವೆನ್ನಬಹುದು, ವಾಸವೆನ್ನಲಾಗದು. 2024ರ ಫೆಬ್ರವರಿ 14ರಿಂದ ಪ್ರತಿಯೊಬ್ಬ ವಿದೇಶೀ ಪ್ರವಾಸಿಯಿಂದ ಬಾಲಿಯ ಸರಕಾರ 1,50,000 ರುಪಿಯಾ ಪಡೆಯುತ್ತಿದೆ, ದ್ವೀಪದ ಸಂಸ್ಕೃತಿಯನ್ನೂ ಪರಿಸರವನ್ನೂ ಕಾಪಾಡುವುದಕ್ಕೆಂದು. ಈ ಕರ ನ್ಯಾಯವಾದದ್ದು. ಆದರೆ ಅದನ್ನು ತೆತ್ತವನು ತನ್ನ ಋಣ ತೀರಿತೆಂದು ಬಗೆದರೆ ಕರವು ಒಳಿತಿಗಿಂತ ಕೆಡುಕನ್ನೇ ಮಾಡೀತು.

ಧನವಂತನಿಗೆ 10 ವರ್ಷ, ಸಾಮಾನ್ಯನಿಗೆ 60 ದಿನ ಎಂಬ ತಾರತಮ್ಯ ನ್ಯಾಯವೇ ಎಂದು ಇಲ್ಲಿ ಯಾರಾದರೂ ಕೇಳಬಹುದು, ಕೇಳುವುದು ಸರಿ. ಬಡ ಸಂಗೀತಗಾರನೊಬ್ಬನು ಗಮೆಲಾನ್ ವಾದ್ಯಮೇಳವನ್ನು ಕಲಿಯಲು ಬಂದು, ವೀಸಾ ಮುಗಿದಾಗಲೆಲ್ಲ ಸಿಂಗಪುರಕ್ಕೆ ಹಾರಿ ಮರುದಿನವೇ ಹಿಂದಿರುಗುತ್ತ ದಿನಗಳನ್ನು ಕೂಡಿಸಿಕೊಳ್ಳುತ್ತಿರುವಾಗ, ಗಮೆಲಾನಿನ ಒಂದು ಸ್ವರವನ್ನೂ ಕೇಳದ ವ್ಯಾಪಾರಿ ಹತ್ತು ವರ್ಷ ನಿಶ್ಚಿಂತನಾಗಿರುವುದನ್ನು ಕಂಡು ಮನಸ್ಸು ನೋಯುತ್ತದೆ. ರಾಜ್ಯಕ್ಕೆ ಅದರದೇ ಕಾರಣಗಳುಂಟು. ಹಣವನ್ನು ಎಣಿಸಬಹುದು, ಪ್ರೀತಿಯನ್ನು ಎಣಿಸುವ ಕಚೇರಿ ಇಲ್ಲ. ನನ್ನ ಅಭಿಪ್ರಾಯದಲ್ಲಿ ರಾಜ್ಯವು ಹಣ ಪಡೆದು ಕಾಲವನ್ನು ಕೊಡುವುದು ಅಧರ್ಮವಲ್ಲ, ಆದರೆ ಅದು ಮಾರಬಲ್ಲದ್ದು ಕಾಲವನ್ನು ಮಾತ್ರ. ಸ್ಥಳವನ್ನು ಕೊಡುವ ಅಧಿಕಾರ ಆ ಸ್ಥಳದ ಸೇವೆಯಲ್ಲಿರುವವರದು. ಹಾಗೆಯೇ ಬಡ ಪ್ರೇಮಿಯ ಪ್ರೇಮವೂ ಅವನಿಗೆ ಅಧಿಕಾರವನ್ನು ತಂದುಕೊಡುವುದಿಲ್ಲ. ಈ ಎರಡನೆಯ ಮಾತು ಕಠೋರವೆನಿಸಬಹುದು. ಆದರೂ ಅದನ್ನು ಸಡಿಲಿಸಲು ನನಗೆ ಕಾರಣ ಕಾಣದು. ಒಬ್ಬರನ್ನು ಪ್ರೀತಿಸಿದ ಮಾತ್ರಕ್ಕೆ ಅವರ ಮನೆಯಲ್ಲಿ ಇರುವ ಹಕ್ಕು ಹುಟ್ಟುವುದಿಲ್ಲ.

ಕಳೆದ ಶತಮಾನದ ಇಬ್ಬರು ಚಿತ್ರಕಾರರ ಜೀವನವನ್ನು ಈ ಸಂದರ್ಭದಲ್ಲಿ ಮರೆಯಲಾಗದು. ಜರ್ಮನಿಯವನಾದ ವಾಲ್ಟರ್ ಸ್ಪೀಸ್ 1927ರಲ್ಲಿ ಬಾಲಿಯಲ್ಲಿ ನೆಲಸಿ, ಉಬುದ್‌ನ ರಾಜಮನೆತನದ ಆಶ್ರಯದಲ್ಲಿ, 1936ರಲ್ಲಿ ಪಿತಾ ಮಹಾ ಎಂಬ ಕಲಾವಿದರ ಸಂಘವನ್ನು ಕಟ್ಟುವುದರಲ್ಲಿ ಭಾಗಿಯಾದನು; ಅಲ್ಲಿನ ಚಿತ್ರಕಾರರಿಗೆ ಪ್ರೋತ್ಸಾಹಕನಾದನು. ಯುದ್ಧ ಬಂದಾಗ ಅವನು ಡಚ್ಚರ ದೃಷ್ಟಿಯಲ್ಲಿ ಶತ್ರುರಾಷ್ಟ್ರದ ಪ್ರಜೆ, ಅಷ್ಟೆ. ಸೆರೆಯಲ್ಲಿಟ್ಟು, 1942ರಲ್ಲಿ ಇತರ ಜರ್ಮನ್ ಬಂದಿಗಳೊಡನೆ ಹೊರಗೆ ಸಾಗಿಸುತ್ತಿದ್ದಾಗ, ಜಪಾನೀ ಬಾಂಬಿಗೆ ಹಡಗು ಮುಳುಗಿ ಸತ್ತನು. ಸೇವೆಯಿಂದ ಪಡೆದ ನೆಲೆಯನ್ನೂ ಕಾನೂನು ಕಿತ್ತುಕೊಳ್ಳಬಲ್ಲುದು. ಆದ್ದರಿಂದ ಪತ್ರಗಳನ್ನು ತುಚ್ಛವೆಂದು ಕಾಣುವುದೂ ತರವಲ್ಲ. ಮತ್ತೊಬ್ಬನು ಹಾಲೆಂಡಿನಲ್ಲಿ ಹುಟ್ಟಿದ ಆರಿ ಸ್ಮಿತ್. ವಸಾಹತುಸೈನ್ಯದಲ್ಲಿ ಕೆಲಸಕ್ಕೆಂದು ಬಂದು, ಜಪಾನೀಯರ ಕೈಯಲ್ಲಿ ಯುದ್ಧಬಂದಿಯಾಗಿ ಕಷ್ಟಪಟ್ಟು, 1951ರಲ್ಲಿ ಅವನು ಇಂಡೊನೇಷ್ಯಾದ ಪೌರತ್ವವನ್ನು ಸ್ವೀಕರಿಸಿದನು. ತನ್ನ ಸ್ವದೇಶ ಆಳಿದ ನಾಡಿನ, ಈಗಷ್ಟೇ ಸ್ವತಂತ್ರವಾದ ನಾಡಿನ ಪ್ರಜೆಯಾದನು. 1956ರಲ್ಲಿ ಬಾಲಿಗೆ ಬಂದು, ಪೆನೆಸ್ತಾನಾನ್ ಗ್ರಾಮದ ಹುಡುಗರ ಕೈಗೆ ಬಣ್ಣವನ್ನೂ ಕಾಗದವನ್ನೂ ಕೊಟ್ಟು, ತನ್ನ ಶೈಲಿಯನ್ನು ಹೇರದೆ, ಅವರ ಕಣ್ಣಿಗೆ ಕಂಡದ್ದನ್ನು ಬರೆಯಗೊಟ್ಟನು. ಅದರಿಂದ ಒಂದು ಹೊಸ ಚಿತ್ರಪಂಥವೇ ಹುಟ್ಟಿತು. 2016ರಲ್ಲಿ, 99ನೆಯ ವಯಸ್ಸಿನಲ್ಲಿ, ಬಾಲಿಯಲ್ಲಿಯೇ ತೀರಿಕೊಂಡನು. ಇಂಡೊನೇಷ್ಯಾದ ಕಾನೂನು ಪ್ರಾಪ್ತವಯಸ್ಕನಿಗೆ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ, ಅರ್ಜಿ ಹಾಕುವವನು 5 ವರ್ಷ ಎಡೆಬಿಡದೆ, ಅಥವಾ ಬಿಟ್ಟುಬಿಟ್ಟು 10 ವರ್ಷ, ಅಲ್ಲಿ ಇದ್ದಿರಬೇಕು, ಹಿಂದಿನದನ್ನು ತ್ಯಜಿಸಬೇಕು. ಕಾಶೀವಾಸಕ್ಕೆ ಹೋದ ಮುದುಕನು ಮಾಡಿದ ತ್ಯಾಗಕ್ಕೂ ಇದಕ್ಕೂ ಸಂಬಂಧವುಂಟೆಂದು ನಾನು ನಂಬುತ್ತೇನೆ.

ವರ್ಷದಲ್ಲಿ ಒಂದು ದಿನವಂತೂ ತಮಿಯು, ಕ್ರಮ ಎಂಬ ಭೇದವಿಲ್ಲದೆ ಎಲ್ಲರೂ ಆ ದ್ವೀಪದ ಒಂದೇ ವಿಧಿಗೆ ಒಳಗಾಗುತ್ತಾರೆ. ಶಕವರ್ಷದ ಆರಂಭವಾದ ನ್ಯೆಪಿಯ ದಿನ ಬೆಳಗಿನ 6 ಗಂಟೆಯಿಂದ ಮರುದಿನ ಬೆಳಗಿನ 6ರವರೆಗೆ ಬೆಂಕಿಯಿಲ್ಲ, ಕೆಲಸವಿಲ್ಲ, ಸಂಚಾರವಿಲ್ಲ, ವಿನೋದವಿಲ್ಲ, ವಿಮಾನನಿಲ್ದಾಣವೂ ಮುಚ್ಚುತ್ತದೆ, ಪೆಚಾಲಾಂಗ್ ಎಂಬ ಗ್ರಾಮರಕ್ಷಕರ ಹೊರತು ಬೀದಿಯಲ್ಲಿ ಯಾರೂ ಇರಕೂಡದು. 2023ರ ಮಾರ್ಚ್ 22ರಂದು ನಾವು ಶಾಲಿವಾಹನ ಶಕ 1945ರ ಯುಗಾದಿಗೆ ಬೇವುಬೆಲ್ಲ ತಿಂದು ಬಂಧುಗಳ ಮನೆಗೆ ಹೋಗಿಬರುತ್ತಿದ್ದಾಗ, ಅದೇ ಶಕವರ್ಷದ ಮೊದಲ ದಿನವನ್ನು ಬಾಲಿಯವರು ಮೌನದಿಂದ ಎದುರುಗೊಂಡರು. ಪ್ರವಾಸಿಗೂ ಅಂದು ಹೋಟೆಲಿನಿಂದ ಹೊರಬರಲು ಅಪ್ಪಣೆಯಿಲ್ಲ. ಇದನ್ನು ತೊಂದರೆಯೆಂದು ಕಂಡವನು ಇನ್ನೂ ಹೊರಗಿನವನು. ಕೇಳದೆಯೇ ದೀಪವನ್ನಾರಿಸಿ ಕುಳಿತವನು ತನ್ನ ವೀಸಾ 30 ದಿನಗಳದ್ದೇ ಆಗಿದ್ದರೂ ಅಂದು ಅಲ್ಲಿ ವಾಸಿಸಿದನೆಂದು ಹೇಳಲು ಅಡ್ಡಿಯಿಲ್ಲ. ಋಣವನ್ನು ತೀರಿಸುವುದಕ್ಕೆ ದೀರ್ಘಕಾಲವೇ ಬೇಕೆಂದಿಲ್ಲ. ಪವಿತ್ರವಾದ ಅಗುಂಗ್ ಪರ್ವತದ ಮೇಲೂ ತಬಾನಾನಿನ ಪುರಾತನ ವೃಕ್ಷದ ಬಳಿಯೂ ಲಜ್ಜೆಯಿಲ್ಲದೆ ಚಿತ್ರ ತೆಗೆಸಿಕೊಂಡು ಗಡೀಪಾರಾದ ಪರದೇಶಿಗಳ ಪತ್ರಗಳಲ್ಲಿ ಪ್ರಾಯಶಃ ಯಾವ ದೋಷವೂ ಇರಲಿಲ್ಲ. ಅವರು ಕಳೆದುಕೊಂಡದ್ದು ಪತ್ರವು ಕೊಡಲಾರದ ಅರ್ಹತೆಯನ್ನು.

ಕೊನೆಯದಾಗಿ ನೆಲದ ಒಡೆತನದ ಮಾತು. ಬಹುಕಾಲ ಇರಬಯಸುವವರು ಧರ್ಮದಿಂದ ಹೆಚ್ಚಾಗಿ ಜಾರುವುದು ಇಲ್ಲಿಯೇ. ಇಂಡೊನೇಷ್ಯಾದ 1960ರ ಮೂಲ ಭೂಶಾಸನದ ಪ್ರಕಾರ ಪರದೇಶಿಗೆ ಹಕ್ ಮಿಲಿಕ್ ಎಂಬ ಪೂರ್ಣ ಒಡೆತನ ದೊರೆಯುವುದಿಲ್ಲ. ಅವಧಿಯುಳ್ಳ ಬಳಕೆಯ ಹಕ್ಕನ್ನಾಗಲಿ ಗುತ್ತಿಗೆಯನ್ನಾಗಲಿ ಪಡೆಯಬಹುದು. ಇಷ್ಟಕ್ಕೆ ತೃಪ್ತನಾದವನು ಅತಿಥಿಯ ಸ್ಥಾನವನ್ನು ಗೌರವದಿಂದ ಅಲಂಕರಿಸಿದಂತೆಯೇ ಸರಿ. ಆದರೆ ಕೆಲವರು ಸ್ಥಳೀಯನೊಬ್ಬನ ಹೆಸರಿನಲ್ಲಿ ಭೂಮಿಯನ್ನು ಕೊಂಡು, ಅವನಿಂದ ಗುಟ್ಟಾದ ಕರಾರುಗಳನ್ನು ಬರೆಯಿಸಿಕೊಂಡು, ಹೆಸರಿಗೆ ಅವನನ್ನೂ ಅನುಭೋಗಕ್ಕೆ ತಮ್ಮನ್ನೂ ಒಡೆಯರನ್ನಾಗಿ ಮಾಡಿಕೊಳ್ಳುತ್ತಾರೆ. ಹೀಗೆ ಮಾಡಿದವನು ಸಜ್ಜನಿಕೆಯಿಂದಲೇ ಬಾಳಬಹುದು, ಗ್ರಾಮದ ದೇವಾಲಯಕ್ಕೆ ಉದಾರವಾಗಿ ದಾನ ಕೊಡಬಹುದು. ಆದರೆ ಅವನ ಮನೆಯ ಅಸ್ತಿಭಾರದಲ್ಲಿ ಒಂದು ಅಸತ್ಯವನ್ನು ಹೂಳಿದ್ದಾಗಿದೆ, ಮತ್ತು ಹೆಸರು ಕೊಟ್ಟ ಬಡವನನ್ನೂ ಆ ಅಸತ್ಯದಲ್ಲಿ ಪಾಲುದಾರನನ್ನಾಗಿ ಮಾಡಿದ್ದಾಗಿದೆ. ಆ ಶಾಸನದ 26ನೆಯ ವಿಧಿ ಇಂಥ ವರ್ಗಾವಣೆಯನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರುತ್ತದೆ. ಕೊಟ್ಟ ಹಣವನ್ನು ಮರಳಿ ಕೇಳುವಂತಿಲ್ಲ, ಭೂಮಿ ರಾಜ್ಯಕ್ಕೆ ಸೇರುತ್ತದೆ.